ಒಂದು ರೂಪಾಯಿಯ ಚಿಲ್ಲರೆ ಎಷ್ಟು ತೂಗುತ್ತಿತ್ತು?

2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲಾ ನಾಣ್ಯಗಳ ಚಲಾವಣೆ ದೇಶದಲ್ಲಿ ನಿಂತುಹೋಯಿತು. ಹಿಂದಿನ ದಿನದವರೆಗೆ ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಹಳ್ಳಿಗಳಲ್ಲಿ ಹಾಗೆ ಹೋಗಿ ಬದಲಾಯಿಸಿದವರು ಕಡಿಮೆ. ನಾಲ್ಕಾಣೆ ಬಿಲ್ಲೆಗೋಸ್ಕರ ಬಸ್ ಚಾರ್ಜ್ ಕೊಟ್ಟು ಪೇಟೆಗೆ ಯಾರು ಹೋಗುತ್ತಾರೆ? ಹಾಗಾಗಿ ಅವು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ, ದೇವರ ಗೂಡಿನಲ್ಲಿ, ಹಳೇ ಟ್ರಂಕಿನ ತಳದಲ್ಲಿ ಉಳಿದುಕೊಂಡವು.

ಈಗ ಅದೇ ಬಿಲ್ಲೆಗಳಿಗೆ ಮೊಬೈಲಿನಲ್ಲಿ ಜೀವ ಬಂದಿದೆ. "ನಿಮ್ಮ ಹತ್ತಿರ ಈ 25 ಪೈಸೆ ಇದ್ದರೆ ನೀವು ಲಕ್ಷಾಧೀಶ್ವರರು", "ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ 10 ಲಕ್ಷ" ಎಂಬ ವಿಡಿಯೊಗಳು ನಮ್ಮ ಊರಿನ ಎಲ್ಲಾ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲೂ ಓಡಾಡುತ್ತಿವೆ. ನಿಜವೇ, ಸುಳ್ಳೇ ಎಂದು ನಮ್ಮನ್ನು ಕೇಳಿದವರು ತುಂಬಾ ಜನ. ಒಂದೇ ಮಾತಿನಲ್ಲಿ ಸುಳ್ಳು ಎನ್ನಬಹುದು. ಆದರೆ ಯಾಕೆ ಸುಳ್ಳು ಎನ್ನುವುದು ಗೊತ್ತಾಗಬೇಕಾದರೆ ಈ ಸಣ್ಣ ನಾಣ್ಯಗಳ ಚರಿತ್ರೆ ಗೊತ್ತಿರಬೇಕು. ಅದಕ್ಕೆ ನಾವು ಒಂದು ತಕ್ಕಡಿ ಇಟ್ಟುಕೊಂಡು ಹೊರಟಿದ್ದೇವೆ. ಒಂದು ರೂಪಾಯಿಗೆ ಪೂರ್ತಿ ಚಿಲ್ಲರೆ ತೆಗೆದುಕೊಂಡರೆ ಯಾವ ಕಾಲದಲ್ಲಿ ಅದು ಎಷ್ಟು ತೂಗುತ್ತಿತ್ತು? ಇದೇ ನಮ್ಮ ಪ್ರಶ್ನೆ.

ಆಣೆಯ ಲೆಕ್ಕ

ಮೊದಲು ಹಳೆಯ ಲೆಕ್ಕ ನೆನಪಿಸಿಕೊಳ್ಳೋಣ. ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 4 ಪೈಸೆ. ಒಂದು ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ಕಾಲಾಣೆ ಎಂದರೂ ಆಗಿನ ಒಂದು ಪೈಸೆ ಎಂದರೂ ಒಂದೇ.

ಆ ನಾಣ್ಯಗಳು ಹೋಗಿ ಎಷ್ಟೋ ಕಾಲವಾಯಿತು. ಮಾತು ಮಾತ್ರ ಹೋಗಿಲ್ಲ. 50 ಪೈಸೆಯನ್ನು ಈಗಲೂ ಎಂಟಾಣೆ ಎನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ ಚಾರಾಣೆ, ಬಾರಾಣೆ ಎನ್ನುತ್ತಾರೆ. ಪೂರ್ತಿ ನಿಜಕ್ಕೆ ಹದಿನಾರಾಣೆ ಸತ್ಯ, ಕೆಲಸಕ್ಕೆ ಬಾರದ್ದಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಏನೂ ಇಲ್ಲದವನ ಹತ್ತಿರ ಬಿಡಿಗಾಸೂ ಇಲ್ಲ. ಕಾಸು ಎನ್ನುವುದು ನಮ್ಮ ನೆಲದ ಸಣ್ಣ ನಾಣ್ಯದ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ "ಮಯಿಲಿ ಕಾಸು" ಎಂದು ಕನ್ನಡದಲ್ಲೇ ಬರೆದಿದೆ. 5, 10, 20 ಕಾಸಿನ ಬಿಲ್ಲೆಗಳು ಇದ್ದವು. ಅದೇ ಬಿಲ್ಲೆಯ ಮೇಲೆ ಇಂಗ್ಲಿಷಿನಲ್ಲಿ "ಕ್ಯಾಶ್" ಎಂದಿದೆ. ನಮ್ಮ ಕಾಸನ್ನೇ ಅವರು ಹಾಗೆ ಬರೆದುಕೊಂಡರು.

ನಿಮ್ಮ ಊರು ಯಾವ ಸೀಮೆಯದು?

ಹಳೇ ಡಬ್ಬಿಯಲ್ಲಿ ಏನು ಸಿಗುತ್ತದೆ ಎನ್ನುವುದು ನಿಮ್ಮ ಊರು ಹಿಂದೆ ಯಾರ ಆಳ್ವಿಕೆಯಲ್ಲಿತ್ತು ಎನ್ನುವುದನ್ನೂ ಅವಲಂಬಿಸಿದೆ.

ಹಳೇ ಮೈಸೂರು ಸೀಮೆಯಾದರೆ ಆನೆ ಚಿತ್ರದ ತಾಮ್ರದ ದಪ್ಪ ಬಿಲ್ಲೆ ಸಿಗಬಹುದು. ಆನೆಯನ್ನು ತಾಮ್ರದ ಕಾಸಿನ ಮೇಲೆ ಟಿಪ್ಪು ಸುಲ್ತಾನ್ ಹೇರಳವಾಗಿ ಅಚ್ಚು ಹಾಕಿಸಿದ. ಅವನ ಟಂಕಸಾಲೆಗಳು ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗ ಮುಂತಾದ ಕಡೆ ಇದ್ದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ಕಾಸಿನಲ್ಲೂ ಆನೆ ಮುಂದುವರಿಯಿತು. ಅದರ ಮೇಲ್ಗಡೆ "ಶ್ರೀ" ಅಕ್ಷರವೂ ಸೂರ್ಯ ಚಂದ್ರರೂ ಬಂದರು. ನಂತರದ ಕಾಸುಗಳಲ್ಲಿ ಆನೆಯ ಜಾಗಕ್ಕೆ ಸಿಂಹ ಬಂತು. 1843ರ ಹೊತ್ತಿಗೆ ಮೈಸೂರಿನ ನಾಣ್ಯ ತಯಾರಿಕೆ ನಿಂತಿತು. ಆಮೇಲೆ ಇಲ್ಲಿಯೂ ಬ್ರಿಟಿಷರ ಆಣೆ ಪೈಸೆಯೇ.

ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳದ ಕಡೆಯಾದರೆ ನಿಜಾಮರ ಹಾಲಿ ಸಿಕ್ಕಾ ಸಿಗುತ್ತದೆ. ಆ ಬಿಲ್ಲೆಗಳ ಮೇಲೆ ಉರ್ದು ಲಿಪಿ, ಕೆಲವದರ ಮೇಲೆ ಚಾರ್ಮಿನಾರ್. ಆ ಲೆಕ್ಕವೇ ಬೇರೆ. ನಿಜಾಮರ 7 ರೂಪಾಯಿ ಕೊಟ್ಟರೆ ಬ್ರಿಟಿಷರ 6 ರೂಪಾಯಿ. ಸ್ವಾತಂತ್ರ್ಯ ಬಂದ ಮೇಲೂ, 1950ರ ದಶಕದಲ್ಲೂ ಅಲ್ಲಿನ ಸಂತೆಗಳಲ್ಲಿ ಎರಡೂ ದುಡ್ಡು ಓಡುತ್ತಿತ್ತು.

ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರು ಸೀಮೆಗಳು ನೇರವಾಗಿ ಬ್ರಿಟಿಷರ ಕೈಯಲ್ಲಿದ್ದವು. ಅಲ್ಲಿ ಹೆಚ್ಚಾಗಿ ಕಾಣುವುದು ಕಂಪನಿ ಸರ್ಕಾರದ ಮತ್ತು ರಾಣಿ, ರಾಜರ ತಲೆಯಿರುವ ನಾಣ್ಯಗಳು.

414 ಗ್ರಾಂನಿಂದ ಶುರು

ಈಗ ತಕ್ಕಡಿ ಹಿಡಿಯೋಣ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ತಂದಿತು. ಆಗಿನ ತಾಮ್ರದ ಕಾಲಾಣೆಯ ತೂಕ ಸುಮಾರು 6.47 ಗ್ರಾಂ. ರೂಪಾಯಿಗೆ 64 ಬಿಲ್ಲೆ. ಒಟ್ಟು 414 ಗ್ರಾಂ ತಾಮ್ರ. ಹತ್ತಿರ ಹತ್ತಿರ ಅರ್ಧ ಕಿಲೋ. ಒಂದು ರೂಪಾಯಿಯ ಚಿಲ್ಲರೆ ಸೊಂಟದ ಚೀಲದಲ್ಲಿದ್ದರೆ ನಡೆಯುವವನಿಗೆ ಭಾರ ಗೊತ್ತಾಗುತ್ತಿತ್ತು.

1906ರಲ್ಲಿ ತಾಮ್ರದ ಬದಲು ಕಂಚು ಬಂತು. ಕಾಲಾಣೆ 4.86 ಗ್ರಾಂಗೆ ಇಳಿಯಿತು. ರೂಪಾಯಿಯ ಚಿಲ್ಲರೆ 311 ಗ್ರಾಂ. ಅಂಚು ಅಲೆಅಲೆಯಾಗಿರುವ ಒಂದಾಣೆ ಬಂದದ್ದೂ ಅದೇ ಸುಮಾರಿಗೆ, 1907ರಲ್ಲಿ. ಕತ್ತಲಲ್ಲಿ ಕೈಯಾಡಿಸಿದರೂ ಆಣೆ ಯಾವುದು ಎಂದು ತಿಳಿಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ಬೆಳ್ಳಿಯ ಎರಡಾಣೆ ಹೋಗಿ, 1918ರಲ್ಲಿ ತಾಮ್ರ ನಿಕ್ಕಲ್ ಬೆರೆತ ಚೌಕದ ಎರಡಾಣೆ ಬಂತು.

ಎರಡನೇ ಮಹಾಯುದ್ಧ ಇನ್ನೂ ಬಿಗಿ ಮಾಡಿತು. ತೋಟಾ, ಗುಂಡುಗಳಿಗೆ ತಾಮ್ರ ಬೇಕು. ಚಿಲ್ಲರೆಗೂ ತಾಮ್ರ ಬೇಕು. 1942ರಿಂದ ಹಿತ್ತಾಳೆ ಬಣ್ಣದ ಆಣೆಗಳು ಬಂದವು. 1943ರಲ್ಲಿ ನಡುವೆ ದೊಡ್ಡ ತೂತಿರುವ ಪೈಸೆ ಬಂತು. ತೂತು ಮಾಡಿದ್ದು ಅಂದಕ್ಕಲ್ಲ, ಲೋಹ ಉಳಿಸುವುದಕ್ಕೆ. ಅದರ ತೂಕ ಸುಮಾರು 2 ಗ್ರಾಂ. ರೂಪಾಯಿಗೆ 64 ಹಾಕಿದರೆ 128 ಗ್ರಾಂ. ಜನ ಅದನ್ನು ಮಕ್ಕಳ ಉಡಿದಾರಕ್ಕೆ ಕಟ್ಟಿದರು, ಬೋಲ್ಟಿಗೆ ವಾಷರ್ ಆಗಿಯೂ ಹಾಕಿದರು. ನಮ್ಮ ಊರುಗಳ ಡಬ್ಬಿಗಳಲ್ಲಿ ಈ ತೂತಿನ ಕಾಸು ಈಗಲೂ ಸುಲಭವಾಗಿ ಸಿಗುತ್ತದೆ. ಯುದ್ಧ ನಡೆದದ್ದು ಎಲ್ಲೋ ದೂರದಲ್ಲಿ, ಅದರ ಗುರುತು ನಮ್ಮ ಉಡಿದಾರದಲ್ಲಿ.

ಎರಡಾಣೆ ಕಟ್ಟಿದ ಬ್ಯಾಂಕು

ಈ ಚಿಲ್ಲರೆ ಎಷ್ಟು ದೊಡ್ಡ ಕೆಲಸ ಮಾಡಿತು ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದನ್ನು ಕಟ್ಟಿದವರು ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ.

1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬರುತ್ತಾನೆ, ಎರಡಾಣೆ ಕೊಟ್ಟರೂ ಬರೆದುಕೊಳ್ಳುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ನೇಕಾರರು, ಮೀನು ಮಾರುವವರು, ಕೂಲಿಯವರು ಆ ಚೌಕದ ಎರಡಾಣೆಯನ್ನು ಕೂಡಿಟ್ಟರು. ಇವತ್ತಿಗೂ ನಮ್ಮ ಸಹಕಾರ ಸಂಘಗಳಲ್ಲಿ ಪಿಗ್ಮಿ ಕಟ್ಟುತ್ತೇವಲ್ಲ, ಆ ಮಾತು ಶುರುವಾದದ್ದು ಅಲ್ಲಿ. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಭಾಗ. ಅಷ್ಟು ಸಣ್ಣ ದುಡ್ಡಿಗೂ ಲೆಕ್ಕ, ಮರ್ಯಾದೆ ಎರಡೂ ಇತ್ತು.

ಆರೂಕಾಲು ಪೈಸೆಯ ಜಗಳ

1950ರ ಆಗಸ್ಟ್ 15ರಂದು ಗಣರಾಜ್ಯದ ಹೊಸ ನಾಣ್ಯಗಳು ಬಂದವು. ರಾಜನ ತಲೆ ಹೋಗಿ ಅಶೋಕ ಸ್ತಂಭದ ಸಿಂಹ ಬಂತು. ಪೈಸೆಯ ಮೇಲೆ ಕುದುರೆ, ಎರಡಾಣೆಯ ಮೇಲೆ ಎತ್ತು, ರೂಪಾಯಿಯ ಮೇಲೆ ತೆನೆ. ಲೆಕ್ಕ ಮಾತ್ರ ಹಳೆಯದೇ, 16 ಆಣೆ.

ಲೆಕ್ಕ ಬದಲಾದದ್ದು 1957ರ ಏಪ್ರಿಲ್ 1ರಂದು. ಅವತ್ತಿನಿಂದ ರೂಪಾಯಿಗೆ 100 ಪೈಸೆ. ಹಳೆ ಪೈಸೆಗೂ ಇದಕ್ಕೂ ಗೊಂದಲವಾಗಬಾರದು ಎಂದು ಇದಕ್ಕೆ "ನಯಾ ಪೈಸಾ" ಎಂದು ಹೆಸರಿಟ್ಟರು. ಇದು ರೂಪಾಯಿಯ ನೂರನೇ ಭಾಗ ಎಂದು ಹಿಂದಿಯಲ್ಲಿ ನಾಣ್ಯದ ಮೇಲೇ ಬರೆದರು.

ಆದರೆ ಒಂದಾಣೆ ಎಂದರೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ಬಿಲ್ಲೆ ಇಲ್ಲ. ಒಂದಾಣೆಗೆ 6 ಪೈಸೆ ಎಂದು ಲೆಕ್ಕ ಹಿಡಿದರೆ ಹದಿನಾರು ಆಣೆಗೆ 96 ಪೈಸೆ ಮಾತ್ರ ಆಗುತ್ತದೆ. ಉಳಿದ 4 ಪೈಸೆ ಎಲ್ಲಿ ಹೋಯಿತು? ಒಂದೊಂದೇ ಆಣೆ ಬದಲಾಯಿಸಿದವರಿಗೆ ನಷ್ಟ, ನಾಲ್ಕಾಣೆ ಒಟ್ಟಿಗೆ ಬದಲಾಯಿಸಿದವರಿಗೆ ಸರಿಯಾಗಿ 25 ಪೈಸೆ. ಚಿಲ್ಲರೆಯಲ್ಲೇ ಬದುಕುವ ಬಡವರಿಗೆ ಈ ಕಾಲು ಪೈಸೆಯ ಪೆಟ್ಟು ಹೆಚ್ಚು ಬಿತ್ತು. 1964ರ ಜೂನ್ 1ರಂದು "ನಯಾ" ಎಂಬ ಪದ ಬಿಟ್ಟುಹೋಯಿತು, ಬರೀ ಪೈಸೆ ಉಳಿಯಿತು. ಹಾಗಾಗಿ ನಿಮ್ಮ ಬಿಲ್ಲೆಯ ಮೇಲೆ "ನಯಾ" ಎಂದಿದ್ದರೆ ಅದು 1957ರಿಂದ 1964ರ ಒಳಗಿನದು.

ಕಂಚಿನಿಂದ ಅಲ್ಯೂಮಿನಿಯಂಗೆ

ಮೊದಲ ನಯಾ ಪೈಸೆ ಕಂಚಿನದು, ಒಂದೂವರೆ ಗ್ರಾಂ. ರೂಪಾಯಿಗೆ 150 ಗ್ರಾಂ. 1962ರಲ್ಲಿ ಅದು ನಿಕ್ಕಲ್ ಹಿತ್ತಾಳೆಯಾಯಿತು. 1965ರಲ್ಲಿ ಅಲ್ಯೂಮಿನಿಯಂ ಆಯಿತು, ಮೂಲೆ ದುಂಡಗಿರುವ ಚೌಕ, ಮುಕ್ಕಾಲು ಗ್ರಾಂ. ಈಗ ರೂಪಾಯಿಯ ಚಿಲ್ಲರೆ ಬರೀ 75 ಗ್ರಾಂ. ಆರು ಮೂಲೆಯ 3 ಪೈಸೆ, ಅಲೆ ಅಂಚಿನ 2 ಪೈಸೆ, ಚೌಕದ 5 ಪೈಸೆ ಎಲ್ಲವೂ ಒಂದೊಂದಾಗಿ ಅಲ್ಯೂಮಿನಿಯಂ ಆದವು. ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ತೇಲುತ್ತಿದ್ದ ಬಿಲ್ಲೆಗಳು ಇವೇ.

ಯಾಕೆ ಹೀಗೆ? ಒಂದು ಸಣ್ಣ ಲೆಕ್ಕ ನೋಡಿ. ಅಲ್ಯೂಮಿನಿಯಂನ 1 ಪೈಸೆ ಬಿಲ್ಲೆ ಒಂದು ಕಿಲೋಗೆ ಸುಮಾರು 1,333 ಬರುತ್ತದೆ. ಅದರ ಮುಖಬೆಲೆ 13 ರೂಪಾಯಿ 33 ಪೈಸೆ. ಅಲ್ಯೂಮಿನಿಯಂ ಕಿಲೋಗೆ ಅದಕ್ಕಿಂತ ಹೆಚ್ಚು ಬೆಲೆ ಬಂದ ದಿನ, ಬಿಲ್ಲೆಯನ್ನು ಅಂಗಡಿಗೆ ಕೊಡುವುದಕ್ಕಿಂತ ಕರಗಿಸುವುದೇ ಲಾಭ. ಕಂಚಿಗೂ ಇದೇ ಮಾತು. ಬೆಲೆ ಏರಿದಾಗಲೆಲ್ಲ ಸರ್ಕಾರ ಇನ್ನೂ ಹಗುರದ, ಇನ್ನೂ ಅಗ್ಗದ ಲೋಹಕ್ಕೆ ಇಳಿಯಬೇಕಾಯಿತು. ನಾಣ್ಯ ಕರಗಿಸುವುದು ಈಗಲೂ ಅಪರಾಧ, ಏಳು ವರ್ಷದವರೆಗೆ ಜೈಲು ಆಗಬಹುದು.

1988ರಿಂದ 10, 25, 50 ಪೈಸೆಗೆ ಸ್ಟೀಲ್ ಬಂತು. ಘೇಂಡಾಮೃಗದ 25 ಪೈಸೆ ಇದೇ ಸರಣಿಯದು, ತೂಕ 2.83 ಗ್ರಾಂ. ರೂಪಾಯಿಗೆ ನಾಲ್ಕು ಹಾಕಿದರೆ 11 ಗ್ರಾಂ ಚಿಲ್ಲರೆ. 2002ರ ನಂತರ ಅದರ ಅಚ್ಚೂ ನಿಂತಿತು. 414 ಗ್ರಾಂನಿಂದ 11 ಗ್ರಾಂಗೆ ಇಳಿದ ಈ ದಾರಿಯೇ ನಮ್ಮ ಬೆಲೆ ಏರಿಕೆಯ ಚರಿತ್ರೆ. ನಾಲ್ಕಾಣೆಗೆ ಏನೂ ಬಾರದ ಕಾಲ ಬಂದಾಗ ಅಂಗಡಿಯವರು ಚಿಲ್ಲರೆ ಬದಲು ಚಾಕೊಲೇಟ್ ಕೊಟ್ಟರು. 2011ರಲ್ಲಿ ಸರ್ಕಾರ ಮಾಡಿದ್ದು ಕೊನೆಯ ಸಹಿ ಅಷ್ಟೇ.

ಹಾಗಾದರೆ ಇವತ್ತು ಬೆಲೆ ಎಷ್ಟು?

ಈಗ ಆ ವಿಡಿಯೊಗಳಿಗೆ ಬರೋಣ. ಲೋಹದ ಲೆಕ್ಕದಲ್ಲಿ ನೋಡಿದರೆ 1 ಪೈಸೆಯಲ್ಲಿರುವುದು ಮುಕ್ಕಾಲು ಗ್ರಾಂ ಅಲ್ಯೂಮಿನಿಯಂ, 25 ಪೈಸೆಯಲ್ಲಿರುವುದು ಮೂರು ಗ್ರಾಂ ಸಹ ತೂಗದ ಸ್ಟೀಲ್. ಅಪರೂಪದ ಲೆಕ್ಕದಲ್ಲಿ ನೋಡಿದರೆ, ಇವು ಇಡೀ ದೇಶದ ಚಿಲ್ಲರೆಗಾಗಿ ಕೋಟಿಗಟ್ಟಲೆ ಅಚ್ಚಾದವು. ನಿಮ್ಮ ಮನೆಯಲ್ಲಿರುವುದು ಪಕ್ಕದ ಮನೆಯಲ್ಲೂ ಇದೆ. ಸವೆದ ಸಾಮಾನ್ಯ ಬಿಲ್ಲೆಗೆ ಸಂಗ್ರಾಹಕರು ಕೊಡುವುದು ಕೆಲವೇ ರೂಪಾಯಿ.

ನಾಣ್ಯಕ್ಕೆ ಬೆಲೆ ಬರುವುದು ವಯಸ್ಸಿನಿಂದಲ್ಲ. ಎಷ್ಟು ಉಳಿದಿದೆ, ಎಷ್ಟು ಚೆನ್ನಾಗಿ ಉಳಿದಿದೆ, ಬೇಕೆನ್ನುವವರು ಎಷ್ಟು ಜನ ಎಂಬ ಮೂರರಿಂದ. 1911ರ ಕತೆ ಇದಕ್ಕೆ ಒಳ್ಳೆ ಉದಾಹರಣೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಅಚ್ಚಾದ ಮೊದಲ ನಾಣ್ಯಗಳಲ್ಲಿ ಅವನ ನಿಲುವಂಗಿಯ ಮೇಲೆ ಪುಟ್ಟ ಆನೆಯ ಚಿತ್ರವಿತ್ತು. ಸೊಂಡಿಲು ಮೊಂಡಾಗಿ ಅದು ಹಂದಿಯಂತೆ ಕಂಡಿತು. ಜನ ಸಿಟ್ಟಾದರು. 1912ರಲ್ಲಿ ಸೊಂಡಿಲು ಉದ್ದ ಮಾಡಿ ಹೊಸ ಅಚ್ಚು ಹಾಕಿದರು. ಹಾಗಾಗಿ 1911ರ ಬಿಲ್ಲೆಗೆ ಸಂಗ್ರಾಹಕರಲ್ಲಿ ಬೇಡಿಕೆ ಇದೆ. ಆದರೂ ಆ ಪುಟ್ಟ ಚಿತ್ರ ಸವೆದುಹೋಗಿದ್ದರೆ ಬೆಲೆಯೂ ಸವೆದಂತೆಯೇ.

ನಮ್ಮ ತಾಲ್ಲೂಕಿನ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಹೆಸರು ಬೇಡ ಎಂದಿದ್ದಾರೆ. ಮಗ ವಿಡಿಯೊ ನೋಡಿ, ಅಜ್ಜಿಯ ಡಬ್ಬಿಯಲ್ಲಿದ್ದ ಬಿಲ್ಲೆಗಳ ಫೋಟೊ ಕಳಿಸಿದ. ಆ ಕಡೆಯವರು ಆರು ಲಕ್ಷ ಎಂದರು. ಮೊದಲು ನೋಂದಣಿಗೆ 1,150 ಕೇಳಿದರು. ಆಮೇಲೆ ಜಿಎಸ್‌ಟಿ ಎಂದು 6,800. ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರಕ್ಕೆ 14,000. ಪತ್ರವೂ ಬಂತು, ಲಾಂಛನ ಸಮೇತ. ದುಡ್ಡು ಬರಲಿಲ್ಲ. ಕಳಿಸಿದ್ದು ಹಸು ಮಾರಿದ ಹಣ. ಅಜ್ಜಿ ನಮಗೆ ಹೇಳಿದ್ದು ಇಷ್ಟೇ: "ದುಡ್ಡು ಹೋದ್ರೆ ಹೋಗ್ಲಿ ಕಣಪ್ಪ, ಹುಡ್ಗ ಯಾರಿಗೂ ಮುಖ ತೋರ್ಸ್ತಿಲ್ಲ, ಅದೇ ಸಂಕ್ಟ."

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಳೆ ನೋಟು, ನಾಣ್ಯ ಮಾರುವ ಕೊಳ್ಳುವ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕೆ ಶುಲ್ಕವನ್ನಾಗಲಿ ಕಮಿಷನ್ ಆಗಲಿ ಕೇಳುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದಿದೆ. ನಿಮ್ಮ ವಸ್ತು ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಕೇಳಿದನೆಂದರೆ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಬಗೆಯ ಮೋಸವೂ ಇದೆ. ಈಸ್ಟ್ ಇಂಡಿಯಾ ಕಂಪನಿ ಹೆಸರು, 1818 ಎಂಬ ಇಸವಿ, ರಾಮನ ಪರಿವಾರ ಅಥವಾ ಹನುಮಂತನ ಚಿತ್ರವಿರುವ "ಒಂದಾಣೆ" ಎಂದು ಒಂದು ಬಿಲ್ಲೆ ತೋರಿಸುತ್ತಾರೆ. ಕಂಪನಿ ಅಂಥ ಆಣೆಯನ್ನು ಅಚ್ಚು ಹಾಕಿಯೇ ಇಲ್ಲ. ಅದು ಆಮೇಲೆ ಮಾಡಿದ ಆಟಿಕೆ. ಅದೇ ಬಿಲ್ಲೆ ಅಕ್ಕಿ ಎಳೆಯುತ್ತದೆ, ಕೋಟಿ ಬೆಲೆ, "ರೈಸ್ ಪುಲ್ಲರ್" ಎಂದು ಹೊಲ ಮಾರಿಸಿದವರೂ ಇದ್ದಾರೆ. ಅಕ್ಕಿ ಎಳೆಯುವ ನಾಣ್ಯ ಲೋಕದಲ್ಲಿ ಎಲ್ಲೂ ಇಲ್ಲ.

ಡಬ್ಬಿ ತೆಗೆದಾಗ

ಮಾರುವ ಆಸೆ ಬಿಟ್ಟು ನೋಡಿದರೆ ಆ ಡಬ್ಬಿಯಲ್ಲಿ ನೋಡಬೇಕಾದ್ದು ಬೇಕಾದಷ್ಟಿದೆ.

ಮೊದಲನೆಯದು, ಹುಣಸೆಹಣ್ಣು, ಬೂದಿ, ನಿಂಬೆ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಆದರೆ ಅಕ್ಷರ ಹೋಗುತ್ತದೆ. ತಿಕ್ಕಿದ ನಾಣ್ಯ ಸಂಗ್ರಾಹಕರಿಗೆ ಬೇಡ. ಅಂಚು ಹಿಡಿದು ನೋಡಿ, ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೂ ಬೇರೆಯಾಗಿ ಇಡಿ.

ಎರಡನೆಯದು, ಇಸವಿಯ ಕೆಳಗೆ ನೋಡಿ. ವಜ್ರದಂಥ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟರೆ ಒಂದು ಭಾನುವಾರ ಇದರಲ್ಲೇ ಕಳೆಯುತ್ತದೆ. ಅಯಸ್ಕಾಂತ ಇಟ್ಟೂ ನೋಡಬಹುದು. 1960ರ ಆಸುಪಾಸಿನ ನಿಕ್ಕಲ್ ನಾಲ್ಕಾಣೆ ಅಂಟುತ್ತದೆ, 1970ರ ದಶಕದ ತಾಮ್ರ ನಿಕ್ಕಲ್ ನಾಲ್ಕಾಣೆ ಅಂಟುವುದಿಲ್ಲ, ಘೇಂಡಾಮೃಗದ ಸ್ಟೀಲ್ ಮತ್ತೆ ಅಂಟುತ್ತದೆ. ಒಂದೇ ಬೆಲೆಯ ಮೂರು ಬಿಲ್ಲೆ, ಮೂರು ಲೋಹ.

ಮೂರನೆಯದು, ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಹಳೆ ನಾಣ್ಯಗಳ ಗಡಿಗೆ ಸಿಕ್ಕರೆ ಅದು ಬೇರೆ ವಿಷಯ. ನಿಧಿ ಕಾಯ್ದೆಯಂತೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಮಾರುವಂತಿಲ್ಲ.

ನಾಲ್ಕನೆಯದು, ಎಂಟಾಣೆ ಇನ್ನೂ ಸತ್ತಿಲ್ಲ. 50 ಪೈಸೆ ಕಾನೂನಿನ ಪ್ರಕಾರ ಈಗಲೂ ಚಲಾವಣೆಯಲ್ಲಿದೆ, ಒಂದು ಸಲಕ್ಕೆ 10 ರೂಪಾಯಿವರೆಗೆ ಕೊಡಬಹುದು. ಅಂಗಡಿಯವರು ಬೇಡ ಎನ್ನುವುದು ರೂಢಿ, ಕಾನೂನಲ್ಲ.

ಕೊನೆಯದು ನಮ್ಮ ಕೋರಿಕೆ. ಡಬ್ಬಿ ತೆಗೆದ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದಾಣೆಗೆ ಸಂತೆಯಲ್ಲಿ ಏನು ಬರುತ್ತಿತ್ತು, ಕೂಲಿ ಎಷ್ಟಾಣೆ ಇತ್ತು, ನಯಾ ಪೈಸೆ ಬಂದಾಗ ಅಂಗಡಿಯಲ್ಲಿ ಜಗಳವಾಯಿತೇ, ಮೊದಲ ಪಿಗ್ಮಿ ಯಾವಾಗ ಕಟ್ಟಿದ್ದು ಎಂದು ಕೇಳಿ. ಅವರು ಹೇಳಿದ್ದನ್ನು ಆ ನಾಣ್ಯದ ಲಕೋಟೆಯ ಮೇಲೇ ಬರೆದು, ದಿನಾಂಕ ಹಾಕಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ಆಯಿತು. ತೂತಿನ ಕಾಸು ಇನ್ನೂ ಸಾವಿರಾರು ಮನೆಗಳಲ್ಲಿದೆ. ಅದನ್ನು ಕೊಟ್ಟು ಸಾಮಾನು ತಂದವರು ಈಗ ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ.